ಮಚ್ಚೇಂದ್ರನ ಶ್ರೀಲಂಕಾ ರೂಟು

ಬಸವಕಲ್ಯಾಣದಿಂದ ಹುಮನಾಬಾದಿಗೆ ಸರ್ಕಾರಿ ಬಸ್ಸಿನಲ್ಲಿ ಐವತ್ತು ನಿಮಿಷ. ಆ ಐವತ್ತು ನಿಮಿಷವನ್ನು ಮಚ್ಚೇಂದ್ರ ಇಪ್ಪತ್ತೆರಡು ವರ್ಷ ಓಡಿಸಿದ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಗೆ ಏರುವುದು, ರಾಜೇಶ್ವರದಲ್ಲಿ ಎರಡು ನಿಮಿಷ ನಿಲ್ಲುವುದು, ಹುಮನಾಬಾದಿನ ಬಸ್‌ಸ್ಟ್ಯಾಂಡಿನೊಳಗೆ ಹಿಮ್ಮುಖವಾಗಿ ಗಾಡಿ ಹಚ್ಚುವುದು, ಮತ್ತೆ ತಿರುಗಿ ಬರುವುದು. ದಿನಕ್ಕೆ ಆರು ಸಲ, ಒಮ್ಮೊಮ್ಮೆ ಎಂಟು. ಕಣ್ಣು ಕಟ್ಟಿ ಕೂಡಿಸಿದರೂ ಗಾಡಿಯ ಕುಲುಕಾಟದಿಂದಲೇ ಈಗ ಎಲ್ಲಿದ್ದೇವೆ ಎಂದು ಹೇಳಬಲ್ಲವನಾಗಿದ್ದ.

ಅವನು ಮಂಠಾಳದವನು. ಅಪ್ಪ ಬೇರೆಯವರ ಹೊಲದಲ್ಲಿ ದುಡಿದು ಸತ್ತ. ಮಚ್ಚೇಂದ್ರ ಅದೇ ಹೊಲದವರ ಟ್ರ್ಯಾಕ್ಟರಿನ ಮೇಲೆ ಸ್ಟೇರಿಂಗ್ ಹಿಡಿಯಲು ಕಲಿತ, ಲಾರಿ ಓಡಿಸಿದ, ಕೊನೆಗೆ ಸರ್ಕಾರಿ ಬಸ್ಸಿಗೆ ಬಂದ. ಮಂಠಾಳದ ಬುದ್ಧವಿಹಾರದ ಓಣಿಯಲ್ಲಿ ಖಾಕಿ ಅಂಗಿ ತೊಟ್ಟವರಲ್ಲಿ ಅವನೇ ಮೊದಲಿಗ. ಒಂದು ಅಪಘಾತವಿಲ್ಲ, ಒಂದು ಮೆಮೊ ಇಲ್ಲ. ಹಾಗಿದ್ದೂ ಅವನಿಗೆ ಒಂದು ಕೊರಗಿತ್ತು. ರಾಜೇಶ್ವರದ ಈಚೆ, ರಸ್ತೆಯಿಂದ ಒಂದು ಹೊಲದಾಚೆ ಹಳೆಯ ಮುತ್ತುಗದ ಮರವೊಂದಿತ್ತು. ಶಿವರಾತ್ರಿ ಹತ್ತಿರ ಬಂದಂತೆ ಎಲೆಯೆಲ್ಲ ಉದುರಿ ಕೆಂಡ ಹೊತ್ತಿದ ಹಾಗೆ ಹೂ ಬಿಡುತ್ತಿತ್ತು. ಅಷ್ಟೂ ವರ್ಷ ಅದನ್ನು ನೋಡುತ್ತ ಬಂದಿದ್ದ, ಆದರೆ ಗಾಡಿ ನಿಲ್ಲಿಸಿ ಅದರ ಬುಡಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಹಿಂದೆ ಐವತ್ತು ಮಂದಿ ಕೂತಿರುತ್ತಿದ್ದರು, ಮುಂದೆ ಟೈಮು ಕಾಯುತ್ತಿರುತ್ತಿತ್ತು.

ಆ ಬಸ್ಸಿನ ಕಂಡಕ್ಟರ್ ಬಸವಣಪ್ಪ. ಬಸವಕಲ್ಯಾಣದ ಮಗ್ಗುಲಿನ ಹಳ್ಳಿಯಲ್ಲಿ ಹೊಲ ಮನೆ ಇದ್ದ ಲಿಂಗವಂತ ಕುಟುಂಬ. ಮಗ ಸಂಜೀವಕುಮಾರ ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಬಸವಣಪ್ಪನ ಬಾಯಿಯಲ್ಲಿ ಶರಣರ ವಚನಗಳು ನೀರಿನ ಹಾಗೆ ಹರಿಯುತ್ತಿದ್ದವು. ಚಿಲ್ಲರೆಗೆ ಜಗಳ ತೆಗೆದವರಿಗೂ ಒಂದು ವಚನ ಹೇಳಿ ನಗಿಸಿಬಿಡುತ್ತಿದ್ದ. ಇಬ್ಬರೂ ಒಂದೇ ವಯಸ್ಸಿನವರು. ಡ್ಯೂಟಿ ಹಾಕುವವರನ್ನು ಕೇಳಿಕೊಂಡು ಒಂದೇ ಗಾಡಿಗೆ ಬೀಳುತ್ತಿದ್ದರು. ಡಿಪೊದಲ್ಲಿ ಅವರನ್ನು ಜೋಡೆತ್ತು ಅನ್ನುತ್ತಿದ್ದರು. ಆದರೂ ಬಸವಣಪ್ಪ ಮಚ್ಚೇಂದ್ರನಿಗೆ ‘ನೀ’ ಅನ್ನುತ್ತಿದ್ದ, ಮಚ್ಚೇಂದ್ರ ಬಸವಣಪ್ಪನಿಗೆ ‘ರೀ’ ಹಚ್ಚುತ್ತಿದ್ದ. ಅದು ಹೇಗೆ ಶುರುವಾಯಿತೋ ಇಬ್ಬರಿಗೂ ನೆನಪಿರಲಿಲ್ಲ. ಯಾರೂ ಅದನ್ನು ಬದಲಿಸಲೂ ಹೋಗಲಿಲ್ಲ.

ಊಟದ್ದೂ ಹೀಗೇ. ಬಸವಣಪ್ಪನ ಡಬ್ಬಿಯಿಂದ ಮಚ್ಚೇಂದ್ರನಿಗೆ ಹೋಳಿಗೆ ಬರುತ್ತಿತ್ತು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬರುತ್ತಿತ್ತು. ಮಚ್ಚೇಂದ್ರನ ಡಬ್ಬಿಯಿಂದ ಅತ್ತ ಏನೂ ಹೋಗುತ್ತಿರಲಿಲ್ಲ. ಬಸವಣಪ್ಪನಿಗೆ ಒಂದು ದಿನ ಎದೆ ಉರಿ, ಒಂದು ದಿನ ಒಪ್ಪತ್ತು. ಬರಬರುತ್ತ ಮಚ್ಚೇಂದ್ರ ಕೊಡಲು ಹೋಗುವುದನ್ನೇ ಬಿಟ್ಟ. ನಮ್ಮದು ಮಾಂಸ ಬೇಯಿಸುವ ಪಾತ್ರೆ, ಅವರಿಗೆ ಹೇಗೆ ಒಗ್ಗೀತು ಎಂದು ತಾನೇ ಸಮಾಧಾನ ಹೇಳಿಕೊಂಡ. ಬಸವಣಪ್ಪನ ಮನೆಗೆ ಹೋದರೆ ಮೊದಮೊದಲು ಹೊರಗಿನ ಕಟ್ಟೆಯ ಮೇಲೆ ಬೇರೆ ಗ್ಲಾಸಿನಲ್ಲಿ ಚಹಾ ಬರುತ್ತಿತ್ತು. ಆಮೇಲೆ ಪೇಟೆಗೆ ಕಾಗದದ ಕಪ್ಪು ಬಂತು, ಎಲ್ಲರಿಗೂ ಅನುಕೂಲವಾಯಿತು. ಹುಮನಾಬಾದ್ ಬಸ್‌ಸ್ಟ್ಯಾಂಡಿನ ಎದುರು ಸಲಾವುದ್ದೀನನ ಹೋಟೆಲಿನಲ್ಲಿ ಮಾತ್ರ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಒಂದು ಚಹಾವನ್ನು ಎರಡು ಗ್ಲಾಸಿಗೆ ಹಂಚಿಕೊಂಡು ಕುಡಿಯುತ್ತಿದ್ದರು. ಮಚ್ಚೇಂದ್ರ ಈ ಬೆಂಚನ್ನು ನೆನಪಿಟ್ಟುಕೊಂಡ, ಆ ಕಟ್ಟೆಯನ್ನು ಮರೆತ.

ನಿವೃತ್ತಿಗೆ ಒಂದು ವರ್ಷ ಇರುವಾಗ ಗಾಡಿ ರಾಜೇಶ್ವರದ ಹತ್ತಿರ ಕೆಟ್ಟು ನಿಂತಿತು. ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸಿ ಇಬ್ಬರೂ ಮೆಕ್ಯಾನಿಕ್‌ನ ದಾರಿ ಕಾಯುತ್ತ ಕೂತಿದ್ದರು. ಬಸವಣಪ್ಪ ಮೊಬೈಲಿನಲ್ಲಿ ಕ್ರಿಕೆಟ್ ಹಚ್ಚಿದ್ದ. ಶ್ರೀಲಂಕಾದ ಗಾಲ್ ಎಂಬ ಊರಿನ ಮೈದಾನ. ಮೈದಾನದ ಬೆನ್ನಿಗೆ ಕಲ್ಲಿನ ಕೋಟೆ, ಕೋಟೆಯ ಬೆನ್ನಿಗೆ ಸಮುದ್ರ. ಮ್ಯಾಚು ನೋಡಬೇಕೋ ಹಿಂದಿನ ಸಮುದ್ರ ನೋಡಬೇಕೋ ತಿಳಿಯದು ಎಂದು ಬಸವಣಪ್ಪ ಫೋನನ್ನು ಮಚ್ಚೇಂದ್ರನ ಕಡೆ ತಿರುಗಿಸಿದ. ಇಬ್ಬರೂ ಅದುವರೆಗೆ ಸಮುದ್ರ ಕಂಡವರಲ್ಲ. ಮಚ್ಚೇಂದ್ರನಿಗೆ ಆ ದೇಶದ ಹೆಸರು ಬೇರೊಂದು ಕಾರಣಕ್ಕೆ ಗೊತ್ತಿತ್ತು. ಬೌದ್ಧ ಭಿಕ್ಷುಣಿ ಸಂಘಮಿತ್ರೆ ಗಯೆಯಿಂದ ಒಯ್ದ ಬೋಧಿಯ ಕೊಂಬೆ ಅಲ್ಲಿನ ಅನುರಾಧಪುರದಲ್ಲಿ ಈಗಲೂ ಮರವಾಗಿ ನಿಂತಿದೆಯೆಂದು ವಿಹಾರದ ಭಂತೇಜಿ ಹೇಳಿದ್ದರು. ಅದನ್ನೇ ಹೇಳಿದ.

ಬಸವಣಪ್ಪ ತೊಡೆ ತಟ್ಟಿಕೊಂಡು, “ಹಂಗಾದ್ರ ನಂದೂ ಅಲ್ಲೇ ಅದ, ನಿಂದೂ ಅಲ್ಲೇ ಅದ. ರಿಟೈರ್ ಆದ ಮ್ಯಾಲ ಹೋಗೂಣು. ಗಾಡಿ ನೀ ಹೊಡಿ, ನಾ ಬಾಜೂಕ ಕೂಡ್ತೀನಿ. ಟೈಮ್ ಕೇಳವ್ರು ಯಾರೂ ಇರಬಾರ್ದು,” ಎಂದ.

ಅಲ್ಲಿಂದ ಶುರುವಾಯಿತು. ಇಬ್ಬರೂ ಒಂದೇ ತಿಂಗಳು ನಿವೃತ್ತರಾದರು. ಮಚ್ಚೇಂದ್ರ ಹುಮನಾಬಾದಿನಲ್ಲಿ ಎರಡು ಕೋಣೆಯ ಮನೆ ಮಾಡಿದ್ದ. ಅವನ ಮಗಳು ಆಮ್ರಪಾಲಿ ಅಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬಸವಣಪ್ಪ ಗುರುವಾರಕ್ಕೊಮ್ಮೆ ಮಗನ ಅಂಗಡಿಗೆ ಬರುತ್ತಿದ್ದ. ಬಂದವನು ಸಲಾವುದ್ದೀನನ ಹೋಟೆಲಿಗೆ ಬರುವುದು ಕಾಯಂ. ಮಚ್ಚೇಂದ್ರ ಅಷ್ಟರಲ್ಲಿ ಇನ್ನೂರು ಪುಟದ ನೋಟ್‌ಬುಕ್ ತಂದು ಕೂತಿರುತ್ತಿದ್ದ.

ಅದರಲ್ಲಿ ದಿನಕ್ಕೆ ಮೂರು ನಾಲ್ಕು ಪುಟದಂತೆ ಹದಿನಾರು ದಿನ. ಇಳಿದ ದಿನ ಸಮುದ್ರದಂಡೆಯ ನೆಗೊಂಬೊದಲ್ಲೇ ಇರುವುದು. ಅಲ್ಲಿಂದ ಎರಡು ದಿನದಲ್ಲಿ ಅನುರಾಧಪುರ, ಅಲ್ಲಿ ಮೂರು ದಿನ. ಆಮೇಲೆ ಸಿಗಿರಿಯ, ಕ್ಯಾಂಡಿ, ಚಹಾತೋಟಗಳ ನಡುವೆ ಹತ್ತಿಕೊಂಡು ನುವಾರ ಎಲಿಯ, ಅಲ್ಲಿಂದ ಎಲ್ಲಾ ಎಂಬ ಊರು, ಕೆಳಗಿಳಿದು ಗಾಲ್. ದಿನಕ್ಕೆ ಅರವತ್ತು ಕಿಲೋಮೀಟರು ದಾಟಬಾರದು, ತೀರಾ ದೂರ ಬಿದ್ದರೆ ಎಂಬತ್ತು. ಕಾರಿನಲ್ಲಿದ್ದ ಯಾರೇ ಕಂಡಕ್ಟರನ ಹಾಗೆ ಹೋಲ್ಡಾನ್ ಅಂದರೂ ಗಾಡಿ ನಿಲ್ಲಬೇಕು, ಯಾಕೆಂದು ಕೇಳಬಾರದು. ಇದು ಬಸವಣಪ್ಪ ಹಾಕಿದ ಕಾನೂನು. ‘ಎಲ್ಲಾ’ ಎಂಬ ಊರಿನ ಹೆಸರು ಕೇಳಿ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಎಲ್ಲಾ ನೋಡಿ ಬಂದ್ರೇನು ಅಂತ ಊರವರು ಕೇಳಿದರೆ, ಎಲ್ಲಾನೂ ನೋಡಿ ಬಂದ್ವಿ ಅಂತ ಹೇಳೋಣ ಎಂದು ಪ್ರತಿ ಗುರುವಾರ ಅನ್ನುತ್ತಿದ್ದ.

ಮಚ್ಚೇಂದ್ರ ಮೊಬೈಲಿನ ನಕ್ಷೆಯ ಮೇಲೆ ಬೆರಳಿಟ್ಟು ಆ ರಸ್ತೆಗಳನ್ನು ಎಷ್ಟು ಸಲ ಓಡಿಸಿದನೋ ಲೆಕ್ಕವಿಲ್ಲ. ಕ್ಯಾಂಡಿಯಿಂದ ಮೇಲೆ ಹತ್ತುವಾಗ ಎಲ್ಲಿ ಎರಡನೇ ಗೇರು ಬೀಳಬೇಕು, ಎಲ್ಲಿ ಗಾಡಿ ಬದಿಗೆ ಹಚ್ಚಿ ಕಣಿವೆ ನೋಡಲು ಜಾಗವಿದೆ, ಯಾವ ಕೆರೆಯ ಏರಿಯ ಮೇಲೆ ನೆರಳಿದೆ, ಎಲ್ಲ ಬರೆದ. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುವುದು ಎಂದು ತಿಳಿದಾಗ, ಯಾರೋ ತನಗಾಗಿಯೇ ಹಾಗೆ ಮಾಡಿಟ್ಟಿದ್ದಾರೆ ಅನ್ನುವಷ್ಟು ಸಂತೋಷಪಟ್ಟ. ಆಮ್ರಪಾಲಿ ನಾಲ್ವರಿಗೂ ಪಾಸ್‌ಪೋರ್ಟಿನ ಅರ್ಜಿ ಹಾಕಿದಳು, ಅಪ್ಪನಿಗೆ ಹೊರದೇಶದಲ್ಲಿ ಓಡಿಸುವ ಲೈಸೆನ್ಸ್ ಮಾಡಿಸಿದಳು, ಅಲ್ಲಿ ದಿನದ ಬಾಡಿಗೆಗೆ ಮನೆ ಕೊಡುವವರಿಗೆ ಇಂಗ್ಲಿಷಿನಲ್ಲಿ ಬರೆದು ಕೇಳಿದಳು. ನಾಲ್ವರೆಂದರೆ ಮಚ್ಚೇಂದ್ರ, ಅವನ ಹೆಂಡತಿ ಸುಮನಬಾಯಿ, ಬಸವಣಪ್ಪ, ಅವನ ಹೆಂಡತಿ ಸೂಗಮ್ಮ.

ಹೋಟೆಲಿನ ಬದಲು ಮನೆಗಳನ್ನೇ ಹುಡುಕಲು ಕಾರಣವಿತ್ತು. ಬಸವಣಪ್ಪನಿಗೆ ಸಕ್ಕರೆ ಕಾಯಿಲೆ, ಜೋಳದ ರೊಟ್ಟಿ ಇಲ್ಲದೆ ಆಗದು. ಸೂಗಮ್ಮ ಹೊರಗಿನದು ಉಣ್ಣುವವಳಲ್ಲ. ಅಡುಗೆಮನೆ ಇದ್ದ ಮನೆ ಹಿಡಿದು, ಜೋಳದ ಹಿಟ್ಟು ಇಲ್ಲಿಂದಲೇ ಒಯ್ದು, ಸುಮನಬಾಯಿ ರೊಟ್ಟಿ ಬಡಿಯುವುದೆಂದು ಮಚ್ಚೇಂದ್ರ ಹೇಳಿದ. ಬಸವಣಪ್ಪ ಹೂಂ ಅಂದ. ಹೂಂ ಅಂದದ್ದು ಜರಾ ತಡವಾಗಿ.

ಸುಮನಬಾಯಿಗೆ ಆ ಹೂಂ ಸಾಲಲಿಲ್ಲ. ಅವಳು ಮಂಠಾಳದ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದವಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಊರೊಳಗಿನ ಮಕ್ಕಳೆಲ್ಲ ಮನೆಯಿಂದ ಡಬ್ಬಿ ತಂದಿದ್ದವು. ಅವಳು ದಿನಾ ಮೂವತ್ತು ಮಕ್ಕಳಿಗೆ ಬೇಯಿಸಿ, ಒಂಬತ್ತು ಮಕ್ಕಳಿಗೆ ಬಡಿಸಿ, ಉಳಿದದ್ದನ್ನು ನೋಡುತ್ತ ಕೂತಿರುತ್ತಿದ್ದಳು. ಅದನ್ನು ಅವಳು ಯಾರ ಮುಂದೆಯೂ ಆಡಿಕೊಂಡವಳಲ್ಲ, ಮರೆತವಳೂ ಅಲ್ಲ.

“ಸೂಗಮ್ಮ ಅವ್ವಾರು ನನ್ನ ಕೈದು ಉಣ್ತಾರೇನು? ಮೊದಲ ಬಾಯಿ ಬಿಟ್ಟು ಕೇಳ್ರಿ. ಆಮ್ಯಾಲ ಹಿಟ್ಟ ಬೀಸಸೂಣು,” ಎಂದಳು.

ಊರು ಬಿಟ್ಟ ಮೇಲೆ ಅದನ್ನೆಲ್ಲ ಯಾರು ನೋಡುತ್ತಾರೆ ಎಂದು ಮಚ್ಚೇಂದ್ರ ಮಾತು ಹಾರಿಸಿದ. ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರಬಹುದೆಂದು ಅವನ ಒಳಗಿನ ಯಾವುದೋ ಮೂಲೆಗೆ ಗೊತ್ತಿತ್ತು. ಕೆಲವು ವಾರದ ನಂತರ ಬಸವಣಪ್ಪನೇ, ನಮ್ಮಾಕಿ ಜರಾ ಹಳೇ ಮಂದಿ, ಎರಡು ಒಲೆ ಇದ್ದ ಮನೆ ಸಿಗುತ್ತದೇನು ನೋಡು ಎಂದ. ಮಚ್ಚೇಂದ್ರ ನೋಟ್‌ಬುಕ್ಕಿನಲ್ಲಿ ‘ಎರಡು ಒಲೆ’ ಎಂದು ಬರೆದುಕೊಂಡ. ಮಗಳು ಯಾಕೆಂದು ಕೇಳಿದ್ದಕ್ಕೆ, ಸಕ್ಕರೆ ಕಾಯಿಲೆಯವರದು ಬೇರೆ ಅಡುಗೆ ಇರುತ್ತದೆ ಎಂದು ಸುಳ್ಳು ಹೇಳಿದ. ಮಗಳು ಅವನ ಮುಖವನ್ನೊಮ್ಮೆ ನೋಡಿ, ಹಾಗೇ ಟೈಪ್ ಮಾಡಿದಳು.

ಸುಮನಬಾಯಿ ತನ್ನ ಕಡೆಯಿಂದ ಯಾವ ನೆಪಕ್ಕೂ ಜಾಗ ಉಳಿಸಬಾರದೆಂದು ನಿರ್ಧರಿಸಿದಳು. ಹೊಸ ತವೆ, ಹಿಟ್ಟು ನಾದುವ ಹೊಸ ಕೊಣಮಿಗೆ, ಸ್ಟೀಲಿನ ಹೊಸ ಡಬ್ಬಿ, ನಾಲ್ಕು ಹೊಸ ತಾಟು ತಂದಳು. ಮಾಂಸದ ಸೋಂಕಿಲ್ಲದವು. ಅವನ್ನು ಹಳೆಯ ಸೀರೆಯಲ್ಲಿ ಕಟ್ಟಿ ಕಪಾಟಿನ ಮೇಲೆ ಇಟ್ಟಳು. ಹದಿನಾರು ದಿನ ಮನೆಯವರು ಯಾರೂ ಮಾಂಸದ ಮಾತೆತ್ತಬಾರದೆಂದು ಗಂಡನಿಗೆ ತಾಕೀತು ಮಾಡಿದಳು. ಇಷ್ಟಾದ ಮೇಲೂ ಆಗದಿದ್ದರೆ ಯಾವುದು ಆಗದು ಎಂಬುದಾದರೂ ತಿಳಿಯುತ್ತದೆ ಎಂದಳು.

ಹೊರಡಲು ಎರಡು ತಿಂಗಳಿದ್ದಾಗ ಮಚ್ಚೇಂದ್ರನಿಗೆ ಒಂದು ಯೋಚನೆ ಬಂತು. ನಿಧಾನ ಓಡಿಸುವುದು ಅವನಿಗೆ ರೂಢಿಯಿಲ್ಲ. ಕಾಲು ತಾನಾಗಿ ಆಕ್ಸಿಲೇಟರ್ ಒತ್ತುತ್ತದೆ. ಒಂದು ದಿನ ನಾಲ್ವರೂ ಕೂಡಿ ಬಾಡಿಗೆ ಕಾರಿನಲ್ಲಿ ನಮ್ಮದೇ ರೂಟಿನ ಮೇಲೆ ಹೋಗಿ ನೋಡೋಣ, ಬಸವಕಲ್ಯಾಣದಿಂದ ಹುಮನಾಬಾದಿಗೆ ಇಡೀ ಒಂದು ದಿನ ಹಿಡಿಯಬೇಕು ಎಂದ. ಬಸವಣಪ್ಪನಿಗೂ ಅದು ರುಚಿಸಿತು.

ಫೆಬ್ರವರಿಯ ಒಂದು ಗುರುವಾರ ಮುಂಜಾನೆ ಬಸವಕಲ್ಯಾಣದಿಂದ ಹೊರಟರು. ಗಂಡಸರು ಮುಂದೆ, ಹೆಂಗಸರು ಹಿಂದೆ. ಊರೊಳಗಿನ ‘ಬಂದವರ ಓಣಿ’ ಎಂಬ ಕೇರಿ ದಾಟಿ, ಕೋಟೆ ಬಲಕ್ಕೆ ಬಿಟ್ಟು, ಸಸ್ತಾಪುರ ಬಂಗ್ಲಾ ಮುಟ್ಟುವುದಕ್ಕೆ ಒಂದು ತಾಸು ಮಾಡಿದರು. ಬಸವಣಪ್ಪ ಹತ್ತು ಸಲ ಹೋಲ್ಡಾನ್ ಅಂದಿದ್ದ. ಕಬ್ಬಿನ ಗಾಡಿ ನೋಡಲು ಒಮ್ಮೆ, ಯಾರದೋ ಬಾವಿಗೆ ಇಣುಕಲು ಒಮ್ಮೆ, ಹಳೆಯ ಪ್ರಯಾಣಿಕನೊಬ್ಬ ಕಟ್ಟೆಯ ಮೇಲೆ ಕೂತಿದ್ದ ಎಂದು ಇನ್ನೊಮ್ಮೆ. ಬೆನ್ನ ಹಿಂದಿನಿಂದ ಲಾರಿಗಳು ಹಾರ್ನು ಬಾರಿಸಿ ದಾಟಿ ಹೋಗುತ್ತಿದ್ದವು. ಮಚ್ಚೇಂದ್ರ ಅವರಿಗೆ ಕೈ ತೋರಿಸಿ ದಾರಿ ಬಿಡುತ್ತಿದ್ದ. ಹಿಂದೆ ಸೂಗಮ್ಮ, ಸುಮನಬಾಯಿ ಮಂಡಿ ನೋವಿನ ಎಣ್ಣೆಯಿಂದ ಶುರು ಮಾಡಿ, ಮಕ್ಕಳನ್ನು ಹೆತ್ತ ಕಷ್ಟದವರೆಗೂ ಬಂದಿದ್ದರು. ಸಮುದ್ರದಲ್ಲಿ ಕಾಲಿಟ್ಟರೆ ಸೀರೆ ಎಷ್ಟು ಎತ್ತಬೇಕಾಗುತ್ತದೆ ಎಂದು ಸೂಗಮ್ಮ ಕೇಳಿ, ಇಬ್ಬರೂ ಬಾಯಿಗೆ ಸೆರಗು ಹಚ್ಚಿ ನಕ್ಕರು. ಮಚ್ಚೇಂದ್ರನಿಗೆ ತನ್ನ ಆಯುಷ್ಯದಲ್ಲಿ ಇಷ್ಟು ಹಗುರಾದ ಸ್ಟೇರಿಂಗ್ ಹಿಡಿದ ನೆನಪಿರಲಿಲ್ಲ.

ಮಧ್ಯಾಹ್ನ ಅವನು ತಾನೇ ಹೋಲ್ಡಾನ್ ಅಂದ. ಮುತ್ತುಗದ ಮರ ಬಂದಿತ್ತು. ಹೊಲದ ಬದುವಿನ ಮೇಲೆ ನಡೆದು ನಾಲ್ವರೂ ಅದರ ಬುಡಕ್ಕೆ ಹೋದರು. ಹೂವು ನೆಲದ ತುಂಬ ಬಿದ್ದಿದ್ದವು. ಬಗಲಲ್ಲಿ ಬೇವಿನ ಮರದ ನೆರಳಿತ್ತು, ಅಲ್ಲಿ ಸುಮನಬಾಯಿ ಚಾದರ ಹಾಸಿ ಹೊಸ ಡಬ್ಬಿ ಬಿಚ್ಚಿದಳು. ತೆಳ್ಳಗಿನ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಮೊದಲ ತಾಟನ್ನು ಸೂಗಮ್ಮನ ಮುಂದೆ ಹಿಡಿದು, ತವೆ ಮೊದಲುಗೊಂಡು ಎಲ್ಲ ಹೊಸವು ಎಂದು ಮೆಲ್ಲಗೆ ಹೇಳಿದಳು.

ಸೂಗಮ್ಮ ಕೈ ಚಾಚಿದಳು. ಬೆರಳು ತಾಟಿನ ಅಂಚಿಗೆ ಇನ್ನೇನು ತಾಕಬೇಕು, ಅಷ್ಟರಲ್ಲಿ ಬಸವಣಪ್ಪ, “ಆಕಿದು ಇವತ್ತ ಒಪ್ಪತ್ತ ಅದ,” ಎಂದ.

ಸೂಗಮ್ಮ ಗಂಡನ ಮುಖ ನೋಡಿದಳು. ಕೈ ಹಿಂದಕ್ಕೆ ಬಂತು. “ಹೌದ್ರಿ, ಮರ್ತಿದ್ದೆ,” ಎಂದು ಸೆರಗು ಸರಿಮಾಡಿಕೊಂಡಳು. ಸುಮನಬಾಯಿ ತಾಟನ್ನು ಬಸವಣಪ್ಪನ ಕಡೆ ತಿರುಗಿಸಿದಳು. ಅವನು ಮುಂಜಾನೆಯಿಂದ ತನ್ನ ಹೊಟ್ಟೆ ಸರಿಯಿಲ್ಲವೆಂದ. ಆ ತಾಟನ್ನು ಅವಳು ಗಂಡನ ಮುಂದೆ ಇಟ್ಟಳು.  ಮಚ್ಚೇಂದ್ರ ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.  ನೀರು ತರುತ್ತೇನೆಂದು ಬಾಟಲಿ ಹಿಡಿದು ಎದ್ದ.

ದೂರದ ಹೊಲದಲ್ಲಿ ಮೋಟರು ಓಡುತ್ತಿತ್ತು. ನೀರು ತುಂಬಿಕೊಂಡು ರಸ್ತೆಯ ಕಡೆಯಿಂದ ಬಳಸಿ ಬಂದರೆ, ಗಂಡ ಹೆಂಡತಿ ಇಬ್ಬರೂ ಬದುವು ಇಳಿದು ಕಾರಿನೊಳಗೆ ಬಂದು ಕೂತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಸೂಗಮ್ಮನ ತೊಡೆಯ ಮೇಲೆ ಅವರ ಮನೆಯ ಡಬ್ಬಿ. ಬಸವಣಪ್ಪ ಲಗುಲಗು ಉಣ್ಣುತ್ತಿದ್ದ, ಮರದ ಕಡೆ ಕಣ್ಣಿಟ್ಟುಕೊಂಡು. ಸೂಗಮ್ಮ ತಲೆ ತಗ್ಗಿಸಿ ಒಂದೊಂದೇ ತುತ್ತು ಮುರಿಯುತ್ತಿದ್ದಳು.

ಆಗ ಮಚ್ಚೇಂದ್ರ ಮಾಡಿದ ಕೆಲಸವೇ ಅವನನ್ನು ಮುಂದೆ ಬಹಳ ದಿನ ಸುಟ್ಟಿತು. ಅವನು ಕೂಗಲಿಲ್ಲ, ಎದುರಿಗೆ ಹೋಗಿ ನಿಲ್ಲಲಿಲ್ಲ. ಅವರಿಗೆ ನಾಚಿಕೆಯಾದೀತೆಂದು ಒಂದು ಜಾಲಿ ಗಿಡದ ಹಿಂದೆ ಸರಿದು, ಅವರ ಊಟ ಮುಗಿಯುವವರೆಗೆ ಬಾಟಲಿ ಹಿಡಿದುಕೊಂಡು ನಿಂತ. ಅವರು ಕೈ ತೊಳೆದ ಮೇಲೆ, ಕೆಮ್ಮಿ ಸಪ್ಪಳ ಮಾಡಿ ಬಂದ. ಮರದ ಬುಡದಲ್ಲಿ ಸುಮನಬಾಯಿ ಒಬ್ಬಳೇ ಕೂತು ಉಂಡು ಮುಗಿಸಿ, ಉಳಿದದ್ದನ್ನು ಕಟ್ಟುತ್ತಿದ್ದಳು. ಅವಳು ಕೂತ ಜಾಗದಿಂದ ಕಾರು ಚೆನ್ನಾಗಿ ಕಾಣುತ್ತಿತ್ತು. 

ಇನ್ನು ಜಲಸಂಗಿಯ ಗುಡಿ ನೋಡುವುದಿತ್ತು, ಒಂದು ಕೆರೆಯ ದಂಡೆಯಲ್ಲಿ ಕೂಡುವುದಿತ್ತು. ಮಚ್ಚೇಂದ್ರ ಯಾವುದಕ್ಕೂ ನಿಲ್ಲಿಸಲಿಲ್ಲ. ರಾಜೇಶ್ವರ ದಾಟುವಾಗ ಬಸವಣಪ್ಪ ಒಮ್ಮೆ ಹೋಲ್ಡಾನ್ ಅಂದ. ಗಾಡಿ ನಿಲ್ಲಲಿಲ್ಲ.  ಮಧ್ಯಾಹ್ನದ ಮೂರು ಹೊಡೆಯುವುದರೊಳಗೇ ಹುಮನಾಬಾದಿಗೆ ಮುಟ್ಟಿದರು. ಬಸವಣಪ್ಪನನ್ನೂ ಸೂಗಮ್ಮನನ್ನೂ ಮಗನ ಅಂಗಡಿಯ ಮುಂದೆ ಇಳಿಸಿದಾಗ, ಸಂಜೀವಕುಮಾರ ಟಿಕೆಟು ತೆಗೆಸುವ ಮುಂಚೆ ತಾರೀಖು ನೋಡಬೇಕಂತೆ, ನೋಟ್‌ಬುಕ್ ಇರಲಿ ಎಂದು ಬಸವಣಪ್ಪ ಕೇಳಿ ಇಸಿದುಕೊಂಡ. ಮಚ್ಚೇಂದ್ರ ಕೊಟ್ಟ. ರೂಢಿ ಹಾಗಿತ್ತು, ಕೇಳಿದರೆ ಕೊಡುವುದು.

ಮುಂದಿನ ಗುರುವಾರ ಬಸವಣಪ್ಪ ಬರಲಿಲ್ಲ. ಅದರ ಮುಂದಿನ ಗುರುವಾರ ಫೋನು ಮಾಡಿ, ಸೂಗಮ್ಮನ ಮಂಡಿ ಬಹಳ ಹಿಡಿದುಕೊಂಡಿದೆ, ಈ ವರ್ಷ ಆಗಲಿಕ್ಕಿಲ್ಲ, ಬರುವ ವರ್ಷ ನೋಡೋಣ ಎಂದ. ಮಚ್ಚೇಂದ್ರ ಸರಿ ಅಂದ. ಆಮೇಲೂ ಎರಡು ಮೂರು ಗುರುವಾರ ಸಲಾವುದ್ದೀನನ ಬೆಂಚಿನ ಮೇಲೆ ಹೋಗಿ ಕೂತ. ಒಂದು ಚಹಾ ಹೇಳಿದರೆ ಸಲಾವುದ್ದೀನ್ ಎರಡು ಗ್ಲಾಸು ಇಟ್ಟುಬಿಡುತ್ತಿದ್ದ. ಹಾಗಾಗಿ ಹೋಗುವುದನ್ನು ಬಿಟ್ಟ.

ಏಪ್ರಿಲ್ ಎರಡನೇ ವಾರ ಮಧ್ಯಾಹ್ನ ಮೊಬೈಲು ಟಿಂಗ್ ಎಂದಿತು. ಬಸವಣಪ್ಪ ಕಳಿಸಿದ ಫೋಟೊ. ಸಮುದ್ರದಲ್ಲಿ ಮೊಣಕಾಲವರೆಗೆ ಇಳಿದು ನಿಂತ ಸೂಗಮ್ಮ, ಪಕ್ಕದಲ್ಲಿ ಸೊಸೆ, ಮೊಮ್ಮಕ್ಕಳು. ಹಿಂದೆ ಸಂಜೀವಕುಮಾರ ಕಪ್ಪು ಕನ್ನಡಕ ಹಾಕಿ ನಿಂತಿದ್ದ. ಮಾರನೆಯ ದಿನ ಒಂದು ಕೆರೆಯ ಏರಿ. ಮಚ್ಚೇಂದ್ರ ನೋಡಿದ ಕೂಡಲೇ ಗುರುತು ಹಿಡಿದ, ಅದು ಅವನು ನೆರಳಿದೆ ಎಂದು ಬರೆದಿದ್ದ ಏರಿ. ಮುಂದಿನ ದಿನಗಳಲ್ಲಿ ಸಿಗಿರಿಯ, ಕ್ಯಾಂಡಿ, ಚಹಾತೋಟ. ಒಂದು ತಿರುವಿನಲ್ಲಿ ವ್ಯಾನು ಬದಿಗೆ ಹಚ್ಚಿ ಎಲ್ಲರೂ ಕಣಿವೆ ನೋಡುತ್ತಿದ್ದ ಫೋಟೊ. ಆ ತಿರುವು ಕೂಡ ಅವನದೇ. ಕೆಳಗೆ ಬಸವಣಪ್ಪ ಬರೆದಿದ್ದ: ‘ನಿನ್ನ ರೂಟ್ ಪ್ರಕಾರನೇ ನಡದೀವಿ. ಎಲ್ಲಾ ಊರಿಗಿ ನಾಳಿ.’ ಪಕ್ಕದಲ್ಲಿ ನಗುವ ಮುಖದ ಗುರುತು.

ಆಮ್ರಪಾಲಿ ಫೋನು ಕಸಿದುಕೊಂಡು ನೋಡಿ ಆ ನಂಬರು ಬ್ಲಾಕ್ ಮಾಡಲು ಹೋದಳು. ಮಚ್ಚೇಂದ್ರ ಬೇಡವೆಂದ. ಅವನಿಗೆ ಮುಂದಿನ ಫೋಟೊ ಬೇಕಾಗಿತ್ತು. ಗಾಲ್ ಕೋಟೆಯವರೆಗೆ ಒಂದೂ ಬಿಡದೆ ನೋಡಿದ. ಬೈದುಕೊಳ್ಳುತ್ತ ನೋಡಿದ. ಆ ವ್ಯಾನಿನ ಡ್ರೈವರು ಯಾವ ಗೇರಿನಲ್ಲಿ ಹತ್ತಿದನೋ ಎಂದು ಯೋಚಿಸುತ್ತ ನೋಡಿದ.

ಮೇ ತಿಂಗಳ ಒಂದು ಗುರುವಾರ ಬಸವಣಪ್ಪನೇ ಫೋನು ಮಾಡಿ ಹೋಟೆಲಿಗೆ ಕರೆದ. ಬೆಂಚಿನ ಮೇಲೆ ಒಂದು ಚಹಾಪುಡಿಯ ಪೊಟ್ಟಣ, ನೋಟ್‌ಬುಕ್ಕು, ಪ್ಲಾಸ್ಟಿಕ್ಕಿನೊಳಗೆ ಹಾಕಿದ ಒಂದು ಅರಳಿಯ ಎಲೆ ಇಟ್ಟುಕೊಂಡು ಕೂತಿದ್ದ. ಮುಖದಲ್ಲಿ ಕಳ್ಳತನ ಇರಲಿಲ್ಲ. ಊರಿನಿಂದ ಬಂದವನು ಬೀಗರಿಗೆ ಬುತ್ತಿ ತಂದ ಹಾಗಿದ್ದ. ಅನುರಾಧಪುರದಲ್ಲಿ ತಾನೇ ಆರಿಸಿದ ಎಲೆ, ನಿನಗಂತಲೇ ತಂದೆ ಎಂದ. ಮಗ ಹಟ ಹಿಡಿದ, ಮೊಮ್ಮಕ್ಕಳಿಗೆ ರಜೆ ಇತ್ತು, ಎಲ್ಲ ಅವಸರದಲ್ಲಿ ಆಯಿತು ಎಂದ. ರೂಟಂತೂ ಒಂದು ನಂಬರ್ ಇತ್ತು, ಅಲ್ಲಿಯ ಡ್ರೈವರು ಕೂಡ ಇದನ್ನು ಬರೆದವರು ಯಾರು ಎಂದು ಕೇಳಿದ ಎಂದ.

ಮಚ್ಚೇಂದ್ರ ನಿಂತೇ ಇದ್ದ. “ಅವತ್ತ ಗಿಡದ ಬುಡಕ ನೀ ಯಾಕ ಉಣ್ಣಲಿಲ್ಲ?” ಎಂದು ಕೇಳಿದ.

ನೀ ಎಂದದ್ದು ಇಬ್ಬರಿಗೂ ಕೇಳಿಸಿತು. ಬಸವಣಪ್ಪ ಹೊಟ್ಟೆಯ ಮಾತು ಹೇಳಲು ಹೋದ. ಕಾರಿನಲ್ಲಿ ಉಂಡದ್ದನ್ನು ನೋಡಿದ್ದೇನೆ ಎಂದು ಮಚ್ಚೇಂದ್ರ ಅಷ್ಟಕ್ಕೇ ತಡೆದ. ಬಸವಣಪ್ಪ ಗ್ಲಾಸನ್ನು ಬೆಂಚಿನ ಮೇಲೆ ತಿರುಗಿಸಿದ.

“ನಂದೇನೂ ಇಲ್ಲಪಾ. ಆಕಿ ಹಳೇ ಮಂದಿ. ಮನ್ಯಾಗ ಹೆಣ್ಮಕ್ಕಳ ಮಾತ ನಡೀತದ.”

“ಆಕಿ ಕೈ ಮುಂದ ಬಂದಿತ್ತು. ತಡದಾಂವ ನೀ.”

ಬಸವಣಪ್ಪನ ಮುಖ ಕೆಂಪಾಯಿತು. ಹದಿನಾರು ದಿನ ಒಂದೇ ಸೂರಿನ ಕೆಳಗೆ ಇರುವುದು ಬೇರೆ, ಬಸ್ಸಿನಲ್ಲಿ ಇರುವುದು ಬೇರೆ ಎಂದ. ಅಲ್ಲಿ ನೋಡುವವರು ಯಾರಿದ್ದರು, ಸುತ್ತ ಸಮುದ್ರ ಎಂದು ಮಚ್ಚೇಂದ್ರ ಕೇಳಿದ್ದಕ್ಕೆ, “ಇಲ್ಲಿಗೇ ವಾಪಸ್ ಬರ್ಬೇಕಲ್ಲ,” ಎಂದ. ಆಮೇಲೆ ದನಿ ಏರಿಸಿ, “ಇಪ್ಪತ್ತೆರಡ ವರ್ಷ ಒಂದ್ ಬಸ್ಸಿನ್ಯಾಗ ಕೂತಿ. ಒಂದ್ ದಿನಾನೂ ಕೇಳ್ಲಿಲ್ಲ. ಈಗ ಯಾಕ ಕೇಳಾಕತ್ತಿ?” ಎಂದ.

ಮಚ್ಚೇಂದ್ರ ನೋಟ್‌ಬುಕ್ಕಿನ ಮೇಲೆ ಕೈ ಇಟ್ಟ. ಕೇಳದೆ ಇದ್ದದ್ದು ನಿಜ. ಕೇಳದೆ ಇದ್ದದ್ದಕ್ಕೇ ಸ್ನೇಹ ಅಷ್ಟು ವರ್ಷ ನಡೆದಿತ್ತು ಎಂಬುದೂ ಆ ಗಳಿಗೆಯಲ್ಲಿ ಅವನಿಗೆ ಹೊಳೆಯಿತು. ನೋಟ್‌ಬುಕ್ಕನ್ನಷ್ಟೇ ಎತ್ತಿಕೊಂಡು ಮನೆಗೆ ಬಂದ. ಎಲೆ, ಚಹಾಪುಡಿ ಬೆಂಚಿನ ಮೇಲೆ ಉಳಿದವು. ಮನೆಯಲ್ಲಿ ತೆರೆದು ನೋಡಿದರೆ ನೋಟ್‌ಬುಕ್ಕಿನ ತುಂಬ ಬೇರೆಯವರ ಕೈ ಬರಹ. ಸಂಜೀವಕುಮಾರ ಕೆಲವು ಊರಿಗೆ ಅಡ್ಡಗೆರೆ ಹೊಡೆದಿದ್ದ, ಹದಿನಾರು ದಿನವನ್ನು ಎಂಟು ಮಾಡಿದ್ದ. ಅನುರಾಧಪುರದ ಮೂರು ದಿನದ ಪುಟದ ಮೇಲೆ ‘ಅರ್ಧ ದಿನ ಸಾಕು’ ಎಂದು ಬರೆದಿತ್ತು.

ಅಪ್ಪಾ, ನಾವು ಮೂವರೇ ಹೋಗೋಣ, ರಜೆ ಹಾಕುತ್ತೇನೆ ಎಂದು ಆಮ್ರಪಾಲಿ ಬಹಳ ಹೇಳಿದಳು. ಮಚ್ಚೇಂದ್ರ ಒಪ್ಪಲಿಲ್ಲ. ಆ ದೇಶದ ಯಾವ ರಸ್ತೆ ನೆನೆದರೂ ಪಕ್ಕದ ಸೀಟಿನಲ್ಲಿ ಬಸವಣಪ್ಪ ಕೂತಿರುತ್ತಿದ್ದ, ಅವನನ್ನು ಇಳಿಸುವುದು ಹೇಗೆಂದು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಮಗಳ ಕಾರ್ಖಾನೆಯ ಆಚೆಯ ಒಂದು ಕಾರ್ಖಾನೆಯಲ್ಲಿ ಕೆಲಸಗಾರರನ್ನು ತರುವ ಬಸ್ಸಿಗೆ ಸೇರಿಕೊಂಡ. ಮೂರು ಪಾಳಿ, ಕಟ್ಟುನಿಟ್ಟಿನ ಟೈಮು. ಜನರೊಂದಿಗೆ ಮಾತು ಕಡಿಮೆಯಾಯಿತು. ಬಸ್ಸಿನಲ್ಲಿ ಯಾರಾದರೂ ಹೆಚ್ಚು ನಕ್ಕರೆ ಕನ್ನಡಿಯಲ್ಲಿ ದಿಟ್ಟಿಸಿ ನೋಡುತ್ತಿದ್ದ.

ದಸರೆಯ ನಂತರ ಮಂಠಾಳದ ವಿಹಾರದ ಹೆಂಗಸರು ಕೂಡಿ ಅನುರಾಧಪುರಕ್ಕೆ ಹೊರಟರು. ಟೂರಿನವರ ದೊಡ್ಡ ಬಸ್ಸು, ಕ್ಯಾಂಡಿ, ನುವಾರ ಎಲಿಯ ಸೇರಿ ಆರು ದಿನ. ಸುಮನಬಾಯಿ ಹೆಸರು ಕೊಟ್ಟಳು. ಗಂಡನಿಗೆ ಹೇಳಿದ್ದು ಕೊಟ್ಟ ಮೇಲೆ. ಅಂಥ ಬಸ್ಸಿನಲ್ಲಿ ಓಡೋಡಿ ನೋಡಿದರೆ ಏನು ಸುಖ ಎಂದು ಮಚ್ಚೇಂದ್ರ ಗೊಣಗಿದ. ಅವಳು ಕಪಾಟಿನ ಮೇಲಿನ ಗಂಟು ಇಳಿಸಿ, ಹೊಸ ಡಬ್ಬಿಯಲ್ಲಿ ಶೇಂಗಾ ಹಿಂಡಿ ತುಂಬಿಕೊಂಡು ಹೊರಟಳು.

ತಿರುಗಿ ಬಂದ ಮರುದಿನ ಮಧ್ಯಾಹ್ನ ಅವಳು ಚಾದರ ಮಡಚುತ್ತ ಕಂಡದ್ದನ್ನೆಲ್ಲ ಹೇಳಿದಳು. ಬೋಧಿಯ ಸುತ್ತಲಿನ ಕಟಾಂಜನದ ಹತ್ತಿರ ಬಿಳಿ ಸೀರೆಯ ಮುದುಕಿಯರು ತಮ್ಮ ಬುತ್ತಿ ಬಿಚ್ಚಿ ಇವರನ್ನೂ ಕೂಡಿಸಿಕೊಂಡರಂತೆ. ಭಾಷೆ ತಿಳಿಯಲಿಲ್ಲ. ಹಿಂಡಿಯ ಡಬ್ಬಿ ಅವರ ಕೈಯಿಂದ ಕೈಗೆ ಹೋಗಿ ಬರಿದಾಗಿ ಬಂತಂತೆ. ಮಚ್ಚೇಂದ್ರ ಬಗ್ಗಿಸಿದ ತಲೆ ಎತ್ತದೆ ಕೇಳಿಸಿಕೊಂಡ. ಆಮೇಲೆ, ಕ್ಯಾಂಡಿಯಿಂದ ಮೇಲೆ ಹತ್ತುವ ರಸ್ತೆ ಹೇಗಿತ್ತು, ತಿರುವು ಎಷ್ಟಿದ್ದವು ಎಂದು ಕೇಳಿದ.

ತನಗೆ ಗೊತ್ತಿಲ್ಲ, ಅಲ್ಲಿ ನಿದ್ದೆ ಹತ್ತಿಬಿಟ್ಟಿತ್ತು ಎಂದಳು ಸುಮನಬಾಯಿ.

ಮಚ್ಚೇಂದ್ರ ರೇಗಿದ. ಎರಡು ವರ್ಷ ಆ ರಸ್ತೆಗಾಗಿ ಕಣ್ಣು ಸವೆಸಿದ್ದೇನೆ, ಅದರ ಮೇಲೆ ಹೋಗಿಯೂ ಮಲಗಿ ಬಂದೆಯಾ ಎಂದು ಬೈದ. ಬಸವಣಪ್ಪನಿಗೆ ಆಡದೆ ಉಳಿಸಿದ ಮಾತೆಲ್ಲ ಅವಳ ಮೇಲೆ ಬಿದ್ದವು. ಬೀಳುತ್ತಿರುವಾಗಲೇ ಅವನಿಗೆ ಅದು ಗೊತ್ತಾಗುತ್ತಿತ್ತು, ನಿಲ್ಲಿಸಲಾಗಲಿಲ್ಲ. ಸುಮನಬಾಯಿ ಚಾದರ ಮಡಚುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

“ನನಗ ಗಿಡ ನೋಡೂದಿತ್ತು, ನೋಡಿ ಬಂದೆ. ರಸ್ತಾ ನಿಮಗ ಬೇಕಾಗಿತ್ತು. ನೀವು ಬರ್ಲಿಲ್ಲ,” ಎಂದು ಹೇಳಿ ಒಳಗೆ ಹೋದಳು.

ಎರಡು ಗಂಟೆಯ ಪಾಳಿಗೆ ಜನರನ್ನು ತುಂಬಿಕೊಂಡು ಬರುವುದಿತ್ತು. ಮಚ್ಚೇಂದ್ರ ಅಂಗಿ ತೊಟ್ಟು, ಕೀಲಿ ಕೈ ತೆಗೆದುಕೊಂಡು ಹೊರಬಿದ್ದ.